ತಪ್ಪು ಲಿವರಿನ ಮೇಲೆ

ಮಾರ್ಚ್ ೪

ಅಣ್ಣನಿಗೆ,

ಫೋನು ಮಾಡಬೇಡ, ಮಾಡಿದರೂ ಎತ್ತುವುದಿಲ್ಲ. ಫೋನಿನಲ್ಲಿ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ಹತ್ತು ಹೇಳಿ ಇಟ್ಟುಬಿಟ್ಟಿರುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ನಿಂತ ಬರವಣಿಗೆ. ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು, ಯಾರಿಂದ ನಿಂತಿತು ಅಂತ ನಿನಗೆ ಗೊತ್ತು.

ನಿನ್ನೆ ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಕೂತಿದ್ದರು. ಡಾಕ್ಟರು ಬಂದು, ಇವರ ಲಿವರಿನಲ್ಲಿ ಕೊಬ್ಬು ತುಂಬಾ ಇದೆ, ಈಗಿರುವ ಹಾಗೆ ಇವರಿಂದ ತೆಗೆದುಕೊಳ್ಳಲು ಆಗುವುದಿಲ್ಲ ಅಂದರು. ಆಗ ನೀನು ಅಷ್ಟೂ ಜನರ ಮುಂದೆ ಅತ್ತಿಗೆಯ ಕಡೆ ತಿರುಗಿ ಏನಂದೆ? “ಜೀವಮಾನದಲ್ಲಿ ಇವಳಿಗೆ ಒಂದು ಕೆಲಸ ಹೇಳಿದ್ದೆ, ಅದನ್ನೂ ಕೆಡಿಸಿಟ್ಟಿದಾಳೆ.”

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಕೂತಿದೆ. ಇವತ್ತು ಮಷೀನಿನ ಮುಂದೆ ಕೂತು ವ್ಯಾನಿನ ಸೀಟು ಹೊಲಿಯುವಾಗ ಅದೇ ಕೇಳುತ್ತಿತ್ತು. ಎರಡು ಸೂಜಿ ಮುರಿದೆ. ಮೇಸ್ತ್ರಿ ಏನಾಯಿತು ಅಂದರು. ರೆಕ್ಸಿನ್ ದಪ್ಪ ಇದೆ ಅಂದೆ.

ನಿನಗೆ ಕಾಯಿಲೆ ಅಂತ ನನಗೆ ಗೊತ್ತಿಲ್ಲವೇ? ಒಂದು ತೊಟ್ಟು ಕುಡಿಯದ ಮನುಷ್ಯ ನೀನು. ಟೈರ್ ಅಂಗಡಿಯ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತು ಲಿವರಿಗೆ ಕೊಬ್ಬು ಏರಿತು, ಕೊಬ್ಬು ಹುಣ್ಣಾಯಿತು, ಹುಣ್ಣು ಮಾಯ್ದು ಕಲೆಯಾಗಿ ಕಲ್ಲಿನ ಹಾಗಾಯಿತು. ರಕ್ತ ಒಳಗೆ ಹೋಗಲಾರದೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿದೆ ಅಂತ ಡಾಕ್ಟರೇ ಪರದೆಯ ಮೇಲೆ ತೋರಿಸಿದರು. ಬದುಕಿರುವವರ ಲಿವರಿನ ತುಂಡು ಹಾಕದಿದ್ದರೆ ಈ ವರ್ಷ ದಾಟುವುದು ಕಷ್ಟ ಅಂದರು. ಆದರೆ ನೀನು ನನ್ನನ್ನು ಕೇಳಿದೆಯಾ? “ರಕ್ತದ ಗುಂಪು ಒಂದೇ ಇದೆ, ಸೋಮವಾರ ಬಾ” ಅಂದೆ. ಅಂಗಡಿಗೆ ಟ್ಯೂಬು ತರಿಸುವಾಗಲೂ ಇದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತೀಯ.

ಒಳಗೆ ಸ್ಕ್ಯಾನ್ ಮಾಡಿದ ಹೆಂಗಸು ಮಾತ್ರ ನನ್ನನ್ನು ಕೇಳಿದಳು. ಕೊಬ್ಬು ಸೇರಿದ ಲಿವರಿನಲ್ಲಿ ರಕ್ತ ಹೇಗೆ ಹರಿಯುತ್ತದೆ, ಕೊಬ್ಬು ಇಳಿದರೆ ಆ ಹರಿವು ಸರಿಹೋಗುತ್ತದಾ ಅಂತ ಅವಳು ಅಧ್ಯಯನ ಮಾಡುತ್ತಿದ್ದಾಳಂತೆ. ತಿಂಗಳಿಗೊಮ್ಮೆ ಬಂದು ಸ್ಕ್ಯಾನ್ ಮಾಡಿಸಿಕೊಳ್ಳುತ್ತೀರಾ ಅಂದಳು. ಒಂದು ಫಾರಂ ಕೊಟ್ಟಳು. ನಾನು ಅದನ್ನು ನೋಡುತ್ತಾ ಕೂತಿದ್ದಕ್ಕೆ ತಾನೇ ಓದಿ ಹೇಳಿದಳು. ಅದರಲ್ಲಿ ಹೀಗಿತ್ತು: ನೀವು ಯಾವಾಗ ಬೇಕಾದರೂ, ಕಾರಣ ಹೇಳದೆ, ಇದರಿಂದ ಹಿಂದೆ ಸರಿಯಬಹುದು. ಇನ್ನೊಂದು ಸಲ ಓದಿ ಅಂದೆ. ಓದಿದಳು. ಸಹಿ ಹಾಕಿ ಬಂದೆ.

ಹೊಟ್ಟೆಯ ಮೇಲೆ ಬೆರಳು ಆಡಿಸಿದ ಹಾಗೆ ಸ್ಕ್ಯಾನಿನ ಹಿಡಿ ಆಡಿಸುತ್ತಾರೆ ಅಷ್ಟೇ, ನೋವಿಲ್ಲ. ನೀನು ಕೇಳಿರಲಿಲ್ಲ, ಅದಕ್ಕೇ ಹೇಳಿದೆ.

ನಿನ್ನ ತಂಗಿ

*

ಮಾರ್ಚ್ ೧೧

ತಂಗಿಗೆ,

ನಿನ್ನ ಕಾಗದ ಬಂತು. ನನಗೆ ಇಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾಗುತ್ತಿಲ್ಲ, ನೀನು ಬೆಂಚಿನ ಮೇಲಿನ ಜನ ಎಣಿಸಿದ್ದೀಯ.

ಡಾಕ್ಟರ ಹತ್ತಿರ ಮಾತಾಡಿದೆ. ಕೊಬ್ಬು ಇಳಿಸಬಹುದಂತೆ. ಮೂರು ತಿಂಗಳು ಬಾಯಿ ಕಟ್ಟಿ ದಿನಕ್ಕೊಂದು ಗಂಟೆ ಬಿರುಸಾಗಿ ನಡೆದರೆ ಲಿವರ್ ತಿಳಿಯಾಗುತ್ತದಂತೆ. ಆಮೇಲೆ ಮತ್ತೆ ನೋಡುತ್ತಾರೆ. ಏನು ತಿನ್ನಬೇಕು, ಏನು ತಿನ್ನಬಾರದು ಅಂತ ನಿನ್ನ ಅತ್ತಿಗೆ ಪಟ್ಟಿ ಬರೆದಿದ್ದಾಳೆ, ಇದರ ಜೊತೆಗಿದೆ. ಗೋಡೆಗೆ ಅಂಟಿಸಿಕೋ. ಸಕ್ಕರೆ ಮುಟ್ಟಬೇಡ. ವರ್ಕ್‌ಶಾಪಿನಲ್ಲಿ ನಿಂತು ಮಾಡುವ ಕೆಲಸ ಕೇಳು. ಯಾವುದೋ ಅಧ್ಯಯನ ಗಿಧ್ಯಯನ ಅಂತ ಅಲೆದಾಡುವುದು ಬೇಡ, ಅವರಿಗೆ ಬೇಕಾಗಿರುವುದು ಅವರ ಪುಸ್ತಕ ತುಂಬಿಸುವುದು.

ಮರಿಗೆ ಇದು ಯಾವುದೂ ಗೊತ್ತಾಗಬಾರದು. ನನಗೆ ಹುಷಾರಿಲ್ಲ ಅಂತಷ್ಟೇ ಅವನಿಗೆ ಗೊತ್ತು. ತುಂಡು ಕೊಟ್ಟರೆ ಆಗುತ್ತದೆ ಅಂತ ಗೊತ್ತಾದರೆ ಸೇತುವೆ ಕೆಲಸ ಬಿಟ್ಟು ಓಡಿ ಬರುತ್ತಾನೆ. ನನ್ನ ಮಗನಿಗೆ ಇನ್ನೂ ಇಪ್ಪತ್ತಾರು. ಅವನ ಮೈಗೆ ಕತ್ತಿ ಹಾಕಿಸಲು ನಾನು ಬಿಡುವುದಿಲ್ಲ.

ನಿನ್ನ ಅಣ್ಣ

*

ಏಪ್ರಿಲ್ ೭

ಅಣ್ಣನಿಗೆ,

ನಿನ್ನ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆ ಅಂದರೆ ಕಾಗದದ ಮಡಿಕೆ ಹರಿದುಹೋಗಿದೆ. ಅವನ ಮೈಗೆ ಕತ್ತಿ ಹಾಕಿಸುವುದಿಲ್ಲ. ಸರಿ. ಹಾಗಾದರೆ ನನ್ನ ಮೈ ಏನು, ಅಂಗಡಿಯ ಹಿಂದೆ ರಾಶಿ ಹಾಕಿದ ಹಳೇ ಟೈರಾ? ಬೇಕಾದಾಗ ಒಂದು ಪಟ್ಟಿ ಕೊಯ್ದುಕೊಳ್ಳುವುದಕ್ಕೆ?

ಮರಿಯ ಮೇಲೆ ನನಗೆ ಹೊಟ್ಟೆಕಿಚ್ಚು ಅಂತ ತಿಳಿಯಬೇಡ. ಅವನನ್ನು ಎತ್ತಿ ಆಡಿಸಿದವಳು ನಾನು. ಅವನು ಹುಟ್ಟಿದಾಗ ಅತ್ತಿಗೆಗೆ ಮೈಯಲ್ಲಿ ನೆಟ್ಟಗಿರಲಿಲ್ಲ, ನೀನು ಶಾಲೆಯ ಬಾಗಿಲಿಗೆ ಬಂದು ಟೀಚರ್ ಹತ್ತಿರ “ಮನೇಲಿ ಮಗು ಇದೆ, ಇವಳು ನಾಳೆಯಿಂದ ಬರಲ್ಲ” ಅಂದೆ. ನನಗೆ ಹನ್ನೆರಡು. ಒಂದು ವರ್ಷ ಅಂದಿದ್ದೆ. ಆಮೇಲೆ ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತಿದರೆ ನೀನು ಬೈಯುತ್ತೀಯ ಅಂತ ಭಯ. ನನಗೆ ಯಾವಾಗಲೂ ಭಯ, ಅದು ನಿಮಗೆಲ್ಲ ಅನುಕೂಲವಾಯಿತು.

ಅತ್ತಿಗೆಯ ಪಟ್ಟಿ ಅಂಟಿಸಿದ್ದೇನೆ. ಅದರ ಪ್ರಕಾರವೇ ತಿನ್ನುತ್ತಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಬಸ್ಸು ಬಿಟ್ಟು ನಡೆದು ಹೋಗುತ್ತೇನೆ. ವರ್ಕ್‌ಶಾಪಿನವರು ನನ್ನ ಡಬ್ಬಿ ತೆರೆದು ನೋಡಿ, “ಏನಕ್ಕಾ, ಮೊಲ ಸಾಕಿದೀಯಾ?” ಅನ್ನುತ್ತಾರೆ. ನಗುತ್ತೇನೆ. ಯಾಕೆ ಅಂತ ಹೇಳಿಲ್ಲ. ಹೇಳಿದರೆ ಎಲ್ಲರೂ ದೊಡ್ಡ ಮನಸ್ಸು, ತ್ಯಾಗ ಅಂತ ಶುರು ಮಾಡುತ್ತಾರೆ, ಆಮೇಲೆ ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ.

ನೀನು ಬೇಡ ಅಂದರೂ ಆ ಅಧ್ಯಯನಕ್ಕೆ ಹೋಗುತ್ತಿದ್ದೇನೆ. ಮೊನ್ನೆ ಎರಡನೇ ಸಲ ಹೋಗಿದ್ದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಕರುಳಿನಿಂದ ಲಿವರಿಗೆ ರಕ್ತ ತರುವ ದೊಡ್ಡ ನಾಳ ಇದು, ಇಲ್ಲಿ ಸೆಕೆಂಡಿಗೆ ಹನ್ನೊಂದು ಸೆಂಟಿಮೀಟರ್ ಹೋಗುತ್ತಿದೆ, ಹದಿನಾರು ಹದಿನೆಂಟು ಇದ್ದರೆ ನನಗೆ ಸಮಾಧಾನ ಅಂದಳು. ಮಷೀನಿನಿಂದ ಸದ್ದು ಬರುತ್ತದೆ ಅಣ್ಣ. ಯಾರೋ ಪಕ್ಕದ ಕೋಣೆಯಲ್ಲಿ ಪೊರಕೆ ಹಾಕಿ ಗುಡಿಸುತ್ತಿರುವ ಹಾಗೆ. ನನ್ನೊಳಗೆ ಅಷ್ಟು ಕೆಲಸ ನಡೆಯುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಲಿವರಿನಿಂದ ಹೃದಯದ ಕಡೆ ಹೋಗುವ ನಾಳ ತೋರಿಸಿದಳು. ಹೃದಯ ಒಂದೊಂದು ಸಲ ಬಡಿದಾಗಲೂ ಅಲ್ಲಿ ಗೆರೆ ಮೇಲೆ ಕೆಳಗೆ ಕುಣಿಯಬೇಕಂತೆ. ನನ್ನದು ಚಪ್ಪಟೆ. ಯಾಕೆ ಅಂದೆ. ಲಿವರಿನಲ್ಲಿ ಕೊಬ್ಬು ತುಂಬಿದಾಗ ನಾಳಕ್ಕೆ ಹಿಗ್ಗಲು ಜಾಗ ಇರುವುದಿಲ್ಲ, ಹೃದಯದ ಏರಿಳಿತ ಅಲ್ಲಿಗೆ ಮುಟ್ಟುವುದಿಲ್ಲ ಅಂದಳು. ನನಗೆ ತಟ್ಟನೆ ಅರ್ಥವಾಯಿತು. ಮಷೀನಿನಲ್ಲಿ ದಾರದ ಬಿಗಿ ಜಾಸ್ತಿಯಾದರೆ ಹೊಲಿಗೆ ಹೀಗೇ ಬಟ್ಟೆಗೆ ಕಚ್ಚಿ ಮಲಗಿಬಿಡುತ್ತದೆ. ಹಾಗಂದೆ. ಅವಳು ಇದನ್ನು ಬರೆದುಕೊಳ್ಳಲಾ ಅಂದಳು. ನನ್ನ ಮಾತನ್ನು ಒಬ್ಬರು ಬರೆದುಕೊಂಡರು.

ಮರಿಗೆ ನಾನು ಹೇಳುವುದಿಲ್ಲ. ಅದು ನೀನು ಹೇಳಬೇಕಾದದ್ದು.

ನಿನ್ನ ತಂಗಿ

*

ಮೇ ೯

ಅಣ್ಣನಿಗೆ,

ನೀನು ಉತ್ತರ ಬರೆಯಲಿಲ್ಲ, ಬದಲಿಗೆ ಅತ್ತಿಗೆಯನ್ನು ಕಳಿಸಿದೆ. ಬಂದವಳು ಚೀಲದಿಂದ ತೂಕದ ಮಷೀನು ತೆಗೆದು ನನ್ನ ಅಡುಗೆಮನೆಯ ನೆಲದ ಮೇಲೆ ಇಟ್ಟಳು. ಚಪ್ಪಲಿ ಬಿಟ್ಟು ಹತ್ತು ಅಂದಳು. ಹತ್ತಿದೆ. ಡಬ್ಬಿಗಳ ಮುಚ್ಚಳ ತೆಗೆದು ಒಂದೊಂದನ್ನೂ ನೋಡಿದಳು. ಎಣ್ಣೆ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಹೋಗಿದ್ದಾಳೆ, ಮುಂದಿನ ಸಲ ಎಷ್ಟು ಇಳಿದಿದೆ ನೋಡುತ್ತಾಳಂತೆ. ಅವಳು ಹೋದ ಮೇಲೆ ಆ ಗೆರೆಯನ್ನು ಉಜ್ಜಿ ಉಜ್ಜಿ ಅಳಿಸಿದೆ.

ಅತ್ತಿಗೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಅತ್ತಳು. “ಮನೇಲಿ ರಾಯರ ಹಾಗೆ ಓಡಾಡ್ತಿದ್ದೋರು, ಈಗ ಮಗ್ಗುಲು ಬದಲಿಸೋಕೆ ನನ್ನ ಕೂಗ್ತಾರೆ ಕಣೆ” ಅಂದಳು. ಆ ಹೊತ್ತಿಗೆ ಕೊಟ್ಟೇಬಿಡುತ್ತೇನೆ ಅನ್ನಿಸಿತು. ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ಮತ್ತೆ ಭಯವಾಗಿ ಬಾಗಿಲಿಗೆ ಚಿಲಕ ಹಾಕಿಕೊಂಡೆ.

ಕಳೆದ ವಾರ ಆಪರೇಷನ್ ಮಾಡುವ ಡಾಕ್ಟರು ಕರೆಸಿ ಎಲ್ಲ ವಿವರಿಸಿದರು. ಅರ್ಧಕ್ಕಿಂತ ಜಾಸ್ತಿ ತೆಗೆಯುತ್ತಾರೆ. ಉಳಿದದ್ದು ಎರಡು ಮೂರು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಕೊಟ್ಟವರಲ್ಲಿ ಸಾವಿರಕ್ಕೆ ಇಬ್ಬರೋ ಮೂವರೋ ಉಳಿಯುವುದಿಲ್ಲ. ಅವರು ಅದನ್ನು ಕಡಿಮೆ ಅನ್ನುವ ದನಿಯಲ್ಲಿ ಹೇಳಿದರು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯಿಂದ ಜನರನ್ನು ನೋಡುತ್ತಾ ಬಂದೆ. ಸಾವಿರ ಜನ ಅಂದರೆ ನಮ್ಮ ಬೀದಿಯಷ್ಟೇ ಅಣ್ಣ. ಅದರಲ್ಲಿ ಮೂವರು. ನನ್ನ ಹಣೆಬರಹ ನೋಡಿದರೆ ಒಬ್ಬಳು ನಾನೇ.

ಇದನ್ನು ನಿನಗೆ ಹೇಳಿದರೆ “ನೀನು ಹುಟ್ಟಾ ಅಂಜುಬುರುಕಿ” ಅನ್ನುತ್ತೀಯ. ಒಂದು ಸಲ ಬೇರೆ ಏನಾದರೂ ಅನ್ನು.

ನಿನ್ನ ತಂಗಿ

*

ಮೇ ೧೬

ತಂಗಿಗೆ,

ಮೊನ್ನೆ ಹೊಟ್ಟೆಯಿಂದ ಆರು ಲೀಟರ್ ನೀರು ತೆಗೆದರು. ಪೆನ್ನು ಹಿಡಿದರೆ ಕೈ ನಡುಗುತ್ತದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ನನಗೆ ಹೆಚ್ಚು ಬರೆಯಲಾಗದು.

ನಿನ್ನ ತೂಕ ಏಳು ಕಿಲೋ ಇಳಿದಿದೆ ಅಂತ ನಿನ್ನ ಅತ್ತಿಗೆ ಹೇಳಿದಳು. ಒಳ್ಳೆಯದು. ಜೂನ್ ಐದಕ್ಕೆ ಸ್ಕ್ಯಾನ್. ಖಾಲಿ ಹೊಟ್ಟೆಯಲ್ಲಿ ಬಾ. ತಡ ಮಾಡಬೇಡ.

ಆ ಶಾಲೆಯ ವಿಷಯ ಈಗ ಯಾಕೆ ತೆಗೆಯುತ್ತೀಯ. ಆಗ ನನಗೇ ಇಪ್ಪತ್ತನಾಲ್ಕು. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನನಗೂ ಏನೂ ತೋಚುತ್ತಿರಲಿಲ್ಲ.

ಅಣ್ಣ

*

ಜೂನ್ ೬

ಅಣ್ಣನಿಗೆ,

ನಿನ್ನೆ ನೀವೆಲ್ಲ ಹೊರಗೆ ಕಾಯುತ್ತಿದ್ದಿರಿ, ನಾನು ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟೆ. ತಪ್ಪೇ. ನಿನ್ನ ಮುಖ ನೋಡಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ಕಾಗದ. ಇದನ್ನು ಯಾರ ಕೈಯಲ್ಲೂ ಓದಿಸಬೇಡ, ಕಷ್ಟವಾದರೂ ನೀನೇ ಓದು.

ಮೊದಲು ಸ್ಕ್ಯಾನಿನ ವಿಷಯ. ಲಿವರಿನಲ್ಲಿದ್ದ ಕೊಬ್ಬಿನ ಮಬ್ಬು ಹೋಗಿದೆ. ನಾಳದಲ್ಲಿ ರಕ್ತ ಸೆಕೆಂಡಿಗೆ ಹದಿನೇಳು ಸೆಂಟಿಮೀಟರ್ ಹೋಗುತ್ತಿದೆ. ಆ ಚಪ್ಪಟೆ ಗೆರೆ ಈಗ ಏರುತ್ತದೆ, ಇಳಿಯುತ್ತದೆ, ಮತ್ತೆ ಸಣ್ಣಗೆ ಏರುತ್ತದೆ. ಸ್ಕ್ಯಾನ್ ಮಾಡುವಾಕೆ ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದಳು, ನೋಡಿ ಮೂರೇ ತಿಂಗಳಲ್ಲಿ ಅಂತ. ಅವಳಿಗೆ ಖುಷಿ. ನಾನು ಮಲಗಿದ್ದಲ್ಲೇ ಬೆವರಿದೆ. ಯಾಕೆ ಗೊತ್ತಾ? ಈ ಮೂರು ತಿಂಗಳೂ ನಾನು ಪಟ್ಟಿ ಬಿಟ್ಟು ಒಂದು ತುತ್ತು ತಿನ್ನಲಿಲ್ಲ, ಒಂದು ದಿನ ನಡಿಗೆ ತಪ್ಪಿಸಲಿಲ್ಲ, ಆದರೆ ಒಳಗೊಳಗೇ ಈ ಲಿವರು ಸರಿಹೋಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಮೈ ನನ್ನ ಮಾತು ಕೇಳಲಿಲ್ಲ. ನಿನ್ನ ಮಾತು ಕೇಳಿತು.

ಆಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಕೊಡುವವರನ್ನೆಲ್ಲ ಹೀಗೆ ಒಂಟಿಯಾಗಿ ಕೂರಿಸಿ ಕೇಳುವುದು ಅಲ್ಲಿಯ ಪದ್ಧತಿಯಂತೆ. “ನಿಮಗೆ ಮನಸ್ಸಿದೆಯಾ?” ಅಂದರು. ನಾನು ನೆಲ ನೋಡುತ್ತಾ ಕೂತೆ. ಅವರು ಮೆಲ್ಲಗೆ ಹೇಳಿದರು: “ಮನಸ್ಸಿಲ್ಲದಿದ್ರೆ ನನಗೆ ಹೇಳಿದರೆ ಸಾಕು. ಇವರದು ಆಗಲ್ಲ, ಹೊಂದಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.”

ನನಗೆ ಎಂಥಾ ನಿರಾಳವಾಯಿತು ಅಂತ ಬರೆದರೆ ನೀನು ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಆದರೂ ಬರೆಯುತ್ತೇನೆ. ಕಣ್ಣಲ್ಲಿ ನೀರೇ ಬಂತು. ಹೂಂ ಅಂತ ಅರ್ಧ ಅಂದೂ ಬಿಟ್ಟೆ. ತಪ್ಪೆಲ್ಲ ಲಿವರಿನ ಮೇಲೆ ಹೋಗುತ್ತದೆ, ನಾನು ತಪ್ಪಿಸಿಕೊಳ್ಳುತ್ತೇನೆ. ನಿಮ್ಮ ಕಣ್ಣಿಗೆ ನಾನು ಪಾಪದವಳಾಗೇ ಉಳಿಯುತ್ತೇನೆ, ಪ್ರಯತ್ನಪಟ್ಟಳು, ಆಗಲಿಲ್ಲ ಅಂತ.

ಅಷ್ಟರಲ್ಲಿ ಹೊರಗೆ ನಿನ್ನ ಕೆಮ್ಮು ಕೇಳಿಸಿತು. ಆಗ ಯೋಚನೆ ಬಂತು. ಹೊಂದುವುದಿಲ್ಲ ಅಂದರೆ ನೀನು ಸುಮ್ಮನಿರುವವನಾ? ಇನ್ನೂ ಎರಡು ತಿಂಗಳು ನಡೆಯಲಿ, ಇನ್ನೂ ನಾಲ್ಕು ಕಿಲೋ ಇಳಿಯಲಿ ಅನ್ನುತ್ತೀಯ. ಅತ್ತಿಗೆ ಮತ್ತೆ ತೂಕದ ಮಷೀನು ಹೊತ್ತು ಬರುತ್ತಾಳೆ. ನೀನು ನನ್ನ ಲಿವರಿಗೆ ಕಾಯುತ್ತಾ ಕಾಯುತ್ತಾ ಹೋಗಿಬಿಡುತ್ತೀಯ, ಸುಳ್ಳಿಗೆ ಕಾದು. ಆ ಸುಳ್ಳು ನನ್ನ ಹೆಸರಿನಲ್ಲಿರುತ್ತದೆ.

ಡಾಕ್ಟರಿಗೆ ಬೇಡ ಅಂದೆ. ನಾನೇ ಹೇಳುತ್ತೇನೆ ಅಂದೆ. ಅವರು ಎರಡು ಸಲ ಯೋಚನೆ ಮಾಡಿ ಅಂದರು, ಮಾಡಿದ್ದೇನೆ ಅಂದೆ.

ಈಗ ಹೇಳುತ್ತಿದ್ದೇನೆ ಕೇಳು. ನನ್ನ ಲಿವರ್ ಚೆನ್ನಾಗಿದೆ, ಹೊಂದುತ್ತದೆ. ನಾನು ಕೊಡುವುದಿಲ್ಲ.

ಕಾರಣ ಹೇಳಬೇಕಾಗಿಲ್ಲ ಅಂತ ಆ ಫಾರಮ್ಮಿನಲ್ಲಿತ್ತು, ಆದರೆ ಅದು ಅವರಿಗೆ. ನಿನಗೆ ಹೇಳುತ್ತೇನೆ. ಶಾಲೆ ಬಿಡಿಸಿದ ಸಿಟ್ಟು ಇದೆ, ಬೆಂಚಿನ ಮುಂದೆ ಆಡಿದ ಮಾತಿನ ಸಿಟ್ಟು ಇದೆ, ಆದರೆ ಅದಕ್ಕಲ್ಲ. ನನಗೆ ಭಯ. ಅಷ್ಟೇ. ಮೇಜಿನ ಮೇಲೆ ಮಲಗಿ ಮೇಲೇಳದೆ ಹೋದರೆ ಅನ್ನುವ ಭಯ. ಎದ್ದರೂ ಮೂರು ತಿಂಗಳು ನನಗೆ ನೀರು ಕೊಡುವವರು ಯಾರು ಅನ್ನುವ ಭಯ. ನಮ್ಮ ಮನೆಯಲ್ಲಿ ಭಯ ಅನ್ನುವುದು ಕಾರಣವೇ ಅಲ್ಲ, ಅದೊಂದು ತಮಾಷೆ. ಮೂವತ್ತೆಂಟು ವರ್ಷಕ್ಕೆ ನಾನು ಅದನ್ನು ಕಾರಣ ಅಂತ ಬರೆಯುತ್ತಿದ್ದೇನೆ.

ನನಗೆ ಗೊತ್ತು, ನಾನು ಇಲ್ಲ ಅಂದರೆ ಮುಂದೆ ಯಾರು ಅಂತ. ಸೊಂಟದ ಮೇಲೆ ಹೊತ್ತವಳಿಗೆ ಗೊತ್ತಾಗದೆ ಇರುತ್ತದಾ? ಆದರೂ ಮರಿಯನ್ನು ಕೇಳು. ಸೋಮವಾರ ಬಾ ಅನ್ನಬೇಡ. ಕೇಳು. ಇಲ್ಲ ಅನ್ನುವುದಕ್ಕೂ ಜಾಗ ಇಟ್ಟು ಕೇಳು. ಅವನೂ ಇಲ್ಲ ಅಂದರೆ ಇಬ್ಬರ ಮೇಲೂ ಸಿಟ್ಟು ಮಾಡಿಕೋ. ಆಸ್ಪತ್ರೆಯಲ್ಲಿ ಸತ್ತವರ ಲಿವರಿಗೆ ಹೆಸರು ಬರೆಸುವ ಪಟ್ಟಿ ಇದೆಯಂತೆ, ನನ್ನನ್ನು ನಂಬಿಕೊಂಡು ನೀವು ಅದರಲ್ಲಿ ಬರೆಸೇ ಇಲ್ಲವಂತೆ. ಇವತ್ತೇ ಬರೆಸು.

ಅತ್ತಿಗೆಗೆ ಆಸ್ಪತ್ರೆಯಲ್ಲಿ ಒಬ್ಬಳೇ ನಿಭಾಯಿಸುವುದು ಕಷ್ಟ. ನಾನು ಬಂದು ಕೂರುತ್ತೇನೆ. ಬರಬೇಡ ಅಂದರೆ ಬರುವುದಿಲ್ಲ.

ನಿನ್ನ ತಂಗಿ

*

ಜೂನ್ ೧೯

ಅತ್ತೆ,

ನಿನ್ನ ಫೋನು ನಾನು ಬೇಕೆಂದೇ ಎತ್ತಲಿಲ್ಲ. ನಾಲ್ಕು ದಿನದಿಂದ ನಿನ್ನ ಮೇಲೆ ಎಷ್ಟು ಸಿಟ್ಟು ಇದೆ ಅಂದರೆ ಮಾತಾಡಿದರೆ ಬೈದುಬಿಡುತ್ತಿದ್ದೆ. ಅಪ್ಪ ನಿನ್ನ ಕಾಗದವನ್ನು ನನ್ನ ಮುಂದೆ ಇಟ್ಟರು. ಎಲ್ಲ ಕಾಗದಗಳನ್ನೂ ಇಟ್ಟರು. ತಿಂಗಳುಗಟ್ಟಲೆ ನೀವು ಮೂವರೂ ಸೇರಿ ನನ್ನನ್ನು ಎಳೆಮಗು ಮಾಡಿ ಕೂರಿಸಿದ್ದೀರಿ. ಅಪ್ಪ ಸಾಯುತ್ತಿದ್ದಾರೆ ಅಂತ ನನಗೆ ಹೇಳಲು ನಿಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಅಮ್ಮ ಹೇಳಲಿಲ್ಲ, ಅಪ್ಪ ಹೇಳಲಿಲ್ಲ. ನೀನು? ನಿನಗೆ ನನ್ನ ನಂಬರ್ ಬಾಯಿಪಾಠ.

ಇನ್ನೊಂದು ಸಿಟ್ಟು ಇದೆ. ನಿನ್ನ ಭಯವನ್ನು ಕಾಗದದಲ್ಲಿ ಬರೆದು ನೀನು ಹಗುರ ಮಾಡಿಕೊಂಡೆ. ಅದೀಗ ನನ್ನ ಹತ್ತಿರ ಬಂದು ಕೂತಿದೆ. ಸಾವಿರದಲ್ಲಿ ಮೂವರು ಅಂತ ಓದಿದ ಮೇಲೆ ನಾನೂ ಎಣಿಸುತ್ತಿದ್ದೇನೆ. ಸೇತುವೆಯ ಮೇಲೆ ನಿಂತು ದೂರ ಅಳೆಯುವ ಕೆಲಸ ನನ್ನದು, ಎತ್ತರಕ್ಕೆ ಹೆದರಿದವನಲ್ಲ. ಇದಕ್ಕೆ ಹೆದರಿದ್ದೇನೆ.

ಸ್ಕ್ಯಾನ್ ಆಯಿತು. ನಿನ್ನ ಸ್ಕ್ಯಾನ್‌ನವರೇ ಮಾಡಿದರು. ಲಿವರ್ ಪರವಾಗಿಲ್ಲ, ರಕ್ತದ ಹರಿವು ಚೆನ್ನಾಗಿದೆ ಅಂದರು. ಅವರ ಅಧ್ಯಯನಕ್ಕೆ ನನ್ನನ್ನೂ ಸೇರಿಸಿಕೊಳ್ಳಲಾ ಅಂತ ಕೇಳಿದರು, ಇವತ್ತು ಬೇಡ ಅಂದೆ. ಸರಿ ಅಂದು ಫಾರಂ ಮಡಿಸಿಟ್ಟರು.

ಅಪ್ಪ ನನ್ನನ್ನು ಕೇಳಿದ್ದು ಮೊನ್ನೆ ಸಂಜೆ, ವಾರ್ಡಿನಲ್ಲಿ. ಅವರಿಗೆ ಕೇಳಲು ಬರುವುದಿಲ್ಲ ಅತ್ತೆ. ಮೂರು ಸಲ ಶುರು ಮಾಡಿದರು. “ಗುರುವಾರ ನೀನು” ಅಂದು ನಿಲ್ಲಿಸಿದರು. “ನಿನ್ನ ರಕ್ತದ ಗುಂಪು” ಅಂದು ನಿಲ್ಲಿಸಿದರು. ಅಮ್ಮನನ್ನು ಚಹಾ ತರಲು ಕಳಿಸಿದರು. ಆಮೇಲೆ ಹೊದಿಕೆಯ ಅಂಚನ್ನು ನೋಡುತ್ತಾ “ಕೊಡ್ತೀಯಾ?” ಅಂದರು. ಅವರ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ.

ನನಗೆ ಯೋಚನೆ ಮಾಡಬೇಕು ಅಂದೆ. ಎಷ್ಟು ದಿನ ಅಂದರು. ಗೊತ್ತಿಲ್ಲ ಅಂದೆ. ಬೈಯುತ್ತಾರೆ ಅಂದುಕೊಂಡೆ. ಕಷ್ಟಪಟ್ಟು ಗೋಡೆಯ ಕಡೆ ಹೊರಳಿದರು. ನಾನು ದಿಂಬು ಸರಿಮಾಡಿದೆ. ನಿದ್ದೆ ಹತ್ತಿತು ಅಂತ ಎದ್ದು ಹೊರಟಿದ್ದೆ, ಗೋಡೆಗೆ ಹೇಳುವ ಹಾಗೆ ಹೇಳಿದರು:

“ಇಲ್ಲ ಅನ್ನೋದಾದ್ರೆ ನಿಮ್ಮತ್ತೆ ಹಾಗೆ ನನಗೇ ಹೇಳು. ಡಾಕ್ಟರ ಕೈಲಿ ಹೇಳಿಸಬೇಡ.”

ಇನ್ನೂ ಸಿಟ್ಟಿನಲ್ಲೇ ಇರುವ,
ಮರಿ